ಏಲಿಯನ್‌ಗೆ ಕೊಟ್ಟ ಚಹಾ

ಆಕಾಶದಿಂದ ಹಾರುವ ತಟ್ಟೆ ಇಳಿದು ಊರೆಲ್ಲ ಓಡುವ ಸಿನಿಮಾಗಳಿವೆಯಲ್ಲ, ಅವನ್ನು ಗೇಲಿ ಮಾಡುವ ಹಾಸ್ಯ ಚಿತ್ರಗಳೆಂದರೆ ನನಗೂ ನನ್ನ ಶಾಲೆಯ ಇನ್ನೊಬ್ಬ ಮಾಸ್ತರನಿಗೂ ಹುಚ್ಚು. ಸೇಡಂನ ಅವನ ರೂಮಿನಲ್ಲಿ ಮೊಬೈಲ್ ಗೋಡೆಗೆ ಒರಗಿಸಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಲ್ಲಿ ಹೆದರಬೇಕಾದವರು ಹೆದರುವುದಿಲ್ಲ, ಹೆದರಿಸಲು ಬಂದವನೇ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಕಳೆದ ಬೇಸಿಗೆ ರಜೆಯಲ್ಲಿ ನಾವೂ ಅಂಥದ್ದೊಂದು ಮಾಡೋಣ ಎಂದು ಹೊರಟೆವು.

ಕಥೆ ಇಷ್ಟೆ. ಶಹಾಬಾದದ ಹಳೆಯ ಕಲ್ಲುಗಣಿಯಲ್ಲಿ ಏಲಿಯನ್ ಇಳಿಯುತ್ತಾನೆ. ಭೂಮಿ ಗೆಲ್ಲಲು ಬಂದವನು ಒಂದು ಮನೆಯ ಅಂಗಳ ದಾಟಲಾರದೆ ವಾಪಸು ಹೋಗುತ್ತಾನೆ. ಉದ್ದಕ್ಕೆ, ಒಣಕಲಾಗಿರುವ ನಾನೇ ಏಲಿಯನ್. ಮೈಗೆಲ್ಲ ಹಸಿರು ಬಣ್ಣ, ತಲೆಗೆ ಅಲ್ಯುಮಿನಿಯಂ ಬೋಗುಣಿ. ಅಂಗಳ ಗೆಳೆಯನ ಮನೆಯದು, ಚಿಂಚೋಳಿ ಕಡೆಯ ಹಳ್ಳಿಯಲ್ಲಿ. ಅವನ ಅವ್ವನಿಗೂ ಒಂದು ಪಾತ್ರ ಕೊಟ್ಟಿದ್ದೆವು. ಏಲಿಯನ್ ಬಾಗಿಲಿಗೆ ಬಂದಾಗ ಅವರು ಹೆದರದೆ ತಂಬಿಗೆ ನೀರು ಕೊಡಬೇಕು. ನಾನು ಕುಡಿಯಲು ಬಾರದೆ ತಲೆ ಮೇಲೆ ಸುರಿದುಕೊಳ್ಳಬೇಕು. ಯಾರಿಗೂ ಮಾತಿಲ್ಲ.

ಆದರೆ ಅವ್ವ ಮಾತಿಲ್ಲದೆ ಇರುವವರಲ್ಲ. ತಂಬಿಗೆ ಹಿಡಿದು ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿಯೇಬಿಟ್ಟರು: “ಅದೆಲ್ಲಾ ಖರೆ, ಯಾರ ಪೈಕಿರಿ ನೀವು?”

ನಾನು ಆಕಾಶಕ್ಕೆ ಬೆರಳು ತೋರಿಸಿದೆ. ಶೂಟಿಂಗ್ ನೋಡಲು ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಚಿತ್ರ ತೆಗೆಯುತ್ತಿದ್ದ ಗೆಳೆಯನೂ ನಗು ತಡೆಯಲಾರದೆ ಹೋದ. ನಾವಿಬ್ಬರು ತಲೆ ಕೆರೆದುಕೊಂಡು ಬರೆದ ಒಂದು ತಮಾಷೆಯೂ ಅದರ ಹತ್ತಿರ ಸುಳಿಯಲಿಲ್ಲ. ನೀರು ಕೊಡುವ ಮೊದಲು ಜಾತಿ ತಿಳಿದುಕೊಳ್ಳಲು ನಮ್ಮ ಕಡೆ ಕೇಳುವ ಪ್ರಶ್ನೆ ಅದು. ಬೇರೆ ಗ್ರಹದವನನ್ನೂ ಬಿಡಲಿಲ್ಲವಲ್ಲ ಎಂದು ನಾನೂ ನಕ್ಕೆ.

ಶೂಟಿಂಗ್ ಮುಗಿದು ಬೇವಿನ ನೆರಳಲ್ಲಿ ಕೂತಾಗ ಅವ್ವ ಚಹಾ ತಂದರು. ತಾಟಿನಲ್ಲಿ ಸ್ಟೀಲ್ ಕಪ್ಪುಗಳು, ಪಕ್ಕಕ್ಕೆ ಒಂದೇ ಒಂದು ಕಾಗದದ ಕಪ್. ನನ್ನ ಮುಂದೆ ನಿಂತು, ಈ ಸಲ ತಮಾಷೆಗಲ್ಲ, ಮೆಲ್ಲಗೆ ಕೇಳಿದರು.

“ಈಗರ ಹೇಳ್ರಿ ಸರ, ಯಾರ ಪೈಕಿ?”

ನಮ್ಮದು ಬೌದ್ಧರ ಮನೆ. ಊರಿನವರ ಲೆಕ್ಕದಲ್ಲಿ ಅದಿನ್ನೂ ಊರಾಚೆಯ ಹಳೆಯ ಕೇರಿಯೇ. ತಲೆಯೆತ್ತಿ ಮಾತಾಡ್ರಿ ಎಂದು ಮಕ್ಕಳಿಗೆ ದಿನಾ ಗದರುವವನು ನಾನು. ಎಲ್ಲ ಗೊತ್ತಿದ್ದ ಗೆಳೆಯ ತಲೆ ತಗ್ಗಿಸಿ ಮೊಬೈಲ್ ಒರೆಸುತ್ತಿದ್ದ. ನಾನು ಮತ್ತೆ ಆಕಾಶಕ್ಕೆ ಬೆರಳು ತೋರಿಸಿದೆ.

ಮತ್ತೆ ನಗು. “ಭಾಳ ಮಸ್ಕಿರಿ ಮಾಡ್ತೀರಿ, ತಗೋರಿ” ಎಂದು ಅವ್ವನೂ ನಕ್ಕು ಸ್ಟೀಲ್ ಕಪ್ ಕೈಗಿಟ್ಟರು. ಕುಡಿದೆ. ಶುಂಠಿ ಹಾಕಿದ ಚಹಾ, ಚೆನ್ನಾಗಿತ್ತು. ಬಣ್ಣದ ಕೆಳಗೆ ಮುಖ ಸುಡುತ್ತಿತ್ತು. ನಾಚಬೇಕಾದವರು ಕೇಳಿದವರು, ನಾಚಿ ಸತ್ತವನು ನಾನು. ಇದೆಂಥ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ನಮ್ಮ ಸಿನಿಮಾ ಮೊಬೈಲಿನಿಂದ ಮೊಬೈಲಿಗೆ ಹೋಗಿ ವಾಡಿಯಲ್ಲಿರುವ ನಮ್ಮ ಮನೆಗೂ ತಲುಪಿತು. ಅಪ್ಪ ರೈಲು ಹಳಿಯ ಮೇಲೆ ದುಡಿದು ನಿವೃತ್ತರಾದವರು. ಆ ಪ್ರಶ್ನೆ ಬಂದಾಗ ಓಣಿಯವರಿಗಿಂತ ಜೋರಾಗಿ ನಕ್ಕರು. ಎಲ್ಲರೂ ಎದ್ದು ಹೋದ ಮೇಲೆ ಕೇಳಿದರು: “ಸಿನಿಮಾದಾಗಿಂದು ಬಿಡು. ಆಮ್ಯಾಲ ಅವರ ಮನ್ಯಾಗ ಚಾ ಕುಡಿಯಾಗ ಏನಂತ ಹೇಳಿದಿ?”

“ಅವರು ಕೇಳಲೇ ಇಲ್ಲಪ್ಪ” ಎಂದೆ. ಅಪ್ಪ ನಂಬಿದರೋ ಇಲ್ಲವೋ, ಮೊಬೈಲ್ ನನ್ನ ಕೈಗಿಟ್ಟರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಹೋದ ವಾರ ಗೆಳೆಯ ಫೋನ್ ಮಾಡಿದ. ಆಕಾಶದ ಮಾಸ್ತರನ್ನು ಊಟಕ್ಕೆ ಕರಿ ಎಂದು ಅವ್ವ ಒಂದೇ ಸಮನೆ ಹೇಳುತ್ತಿದ್ದಾರಂತೆ. ಗಟ್ಟಿ ಮನಸ್ಸು ಮಾಡಿ ಹೇಳಿದೆ: “ಬರ್ತೀನಿ. ಆದ್ರ ಮೊದಲ ನಾ ಯಾರ ಪೈಕಿ ಅಂತ ಅವ್ವಗ ಹೇಳ್ತೀನಿ, ಆಮ್ಯಾಲ ಊಟ.”

“ಈಗ ಬ್ಯಾಡ ದೋಸ್ತ, ಮುಂದ ನೋಡಮು” ಎಂದ ಗೆಳೆಯ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸದ್ಯ, ಹೇಳುವುದು ತಪ್ಪಿತಲ್ಲ ಎಂದು ಜೀವಕ್ಕೆ ಹಾಯೆನಿಸಿತು. ಚಹಾ ಕುಡಿದ ದಿನವೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ.