ನೀಲಾಳ ಉಳಿದ ಅರ್ಧ ಮಾತು

ನೀಲಾ, ಆ ದಿನ ಗಂಟೆಯನ್ನು ಹೊತ್ತಿಗೆ ಮುಂಚೆ ಬಾರಿಸಿದ್ದು ನಾನು. ಗಡಿಯಾರ ತಪ್ಪಿರಲಿಲ್ಲ, ನನ್ನ ಕಣ್ಣೂ ತಪ್ಪಿರಲಿಲ್ಲ. ಬೇಕೆಂದೇ ಬಾರಿಸಿದೆ.

ಸ್ವಾತಂತ್ರ್ಯ ಬಂದಿತ್ತು; ಕರ್ನಾಟಕ ಇನ್ನೂ ಒಂದಾಗಿರಲಿಲ್ಲ. ನಾವು ಮುಂಬಯಿ ಸರಕಾರದ ಕೆಳಗಿದ್ದೆವು. ಏಕೀಕರಣದ ಪರವಾಗಿ ಲಕ್ಷ್ಮೇಶ್ವರ, ಶಿರಹಟ್ಟಿಯ ಹೆಣ್ಣುಮಕ್ಕಳ ಸಭೆಗಳಲ್ಲಿ ಮಾತಾಡಲು ಒಬ್ಬಳನ್ನು ಆರಿಸಬೇಕಿತ್ತು. ಅದಕ್ಕಾಗಿ ಬೆಟಗೇರಿಯ ಶಾಲೆಯ ಅಂಗಳದಲ್ಲಿ ಸಭೆ ಸೇರಿತ್ತು. ಕೊನೆಗೆ ಉಳಿದವರು ನಾವಿಬ್ಬರು — ಒಂದೇ ಓಣಿಯವರು, ಒಂದೇ ಮಾಸ್ತರರ ಹತ್ತಿರ ವಾದ ಮಾಡುವುದನ್ನು ಕಲಿತವರು.

ಮಾಸ್ತರರು ಹೇಳಿಕೊಟ್ಟ ಶಬ್ದಗಳೆಲ್ಲ ನನಗೆ ಬಾಯಿಪಾಠ. ಪೂರ್ವಪಕ್ಷವೆಂದರೆ ಎದುರಿನವರ ವಾದ. ಅದನ್ನು ಮೊದಲು ಅವರಿಗಿಂತ ಚೆನ್ನಾಗಿ ಹೇಳಬೇಕು. ಆಮೇಲೆ ಅದನ್ನು ಮುರಿಯುವ ಖಂಡನೆ, ಕಾರಣ ಕೊಡುವ ಹೇತು, ನಿದರ್ಶನ, ಕಡೆಗೆ ತನ್ನ ಸಿದ್ಧಾಂತ. ನೀನು ಆ ಶಬ್ದಗಳನ್ನು ಸಭೆಯಲ್ಲಿ ಒಮ್ಮೆಯೂ ಬಳಸುತ್ತಿರಲಿಲ್ಲ. ಆದರೂ ನೀನು ಬಾಯಿ ತೆರೆದರೆ ಹೆಂಗಸರು ಮುಂದಕ್ಕೆ ಬಾಗುತ್ತಿದ್ದರು. ನಾನು ಮಾತಾಡುವಾಗ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ನನ್ನ ಮಾತು ಮುಗಿಯುವ ಮೊದಲೇ ಮಾಸ್ತರರು, “ನೀಲಾ ಏನಂತಾಳ?” ಎನ್ನುತ್ತಿದ್ದರು. ಆ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ.

ಅಂದು ಮಾಸ್ತರರು ಜ್ವರ ಬಂದು ಮನೆಯಲ್ಲಿದ್ದರು. ಅಧ್ಯಕ್ಷರಾಗಿದ್ದ ವಕೀಲರು ಇಬ್ಬರಿಗೂ ಸಮ ಹೊತ್ತು ಗೊತ್ತು ಮಾಡಿ, ಒಬ್ಬಳು ಮಾತಾಡುವಾಗ ಇನ್ನೊಬ್ಬಳು ಹೊತ್ತು ನೋಡಿ ಗಂಟೆ ಬಾರಿಸಬೇಕೆಂದು ಹೇಳಿ, ತಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ನಾನು ಮಾತಾಡುವಾಗ ನೀನು ಹೊತ್ತು ನೋಡಿದೆ. ನನ್ನ ವಾಕ್ಯ ಮುಗಿಯಲೆಂದು ತುಸು ಕಾದು ಗಂಟೆ ಬಾರಿಸಿದೆ. ಅದನ್ನು ನಾನು ಕಂಡೆ. ಆಮೇಲೆ ನೀನು ಎದ್ದೆ, ಗಂಟೆ ನನ್ನ ಕೈಗೆ ಬಂತು. ಗಂಟೆ ಆದಮೇಲೆ ಒಂದು ಮಾತೂ ಆಡಬಾರದೆಂಬ ನಿಯಮ ನೀನೇ ಮಾಡಿಸಿದ್ದು.

ನೀನು ಎದುರಿನವರ ವಾದದಿಂದಲೇ ಶುರು ಮಾಡಿದೆ. “ಮುಂಬಯಿ ದೂರ ಆತು ಅಂತೀವಿ. ಬೆಂಗಳೂರೇನು ಹಿತ್ತಲದಾಗ ಐತೇನ್ರೀ? ನಮ್ಮ ಮಾತು ಕೇಳಿ ಅಲ್ಲಿಯವರು ನಗೂದಿಲ್ಲೇನು? ಮನಿ ಬದಲಾದ್ರ ಸೊಸಿ ಪಾಡು ಬದಲಾಗತೈತೇನು?”

ಹೆಂಗಸರು ನಕ್ಕರು, ತಲೆಯಾಡಿಸಿದರು. ನೀನು ಉಸಿರು ತೆಗೆದುಕೊಳ್ಳಲು ನಿಂತೆ. ಇನ್ನು ಖಂಡನೆ ಬರುವುದಿತ್ತು — ಅದು ಬಂದರೆ ನನ್ನನ್ನು ಯಾರೂ ಆರಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ವಕೀಲರು ಪಕ್ಕದವರೊಡನೆ ಮಾತಿನಲ್ಲಿದ್ದರು. ಅರ್ಧ ಹೊತ್ತೂ ಆಗಿರಲಿಲ್ಲ. ಬಾರಿಸಿದೆ.

“ಹೊತ್ತು ಆತೇನ, ಶಾಂತಾ?”

“ಆತು.”

ನೀನು ಗಡಿಯಾರ ನೋಡಲಿಲ್ಲ, ನನ್ನ ಮುಖ ನೋಡಿದೆ. ನಂಬಿದೆ. ಕೈಮುಗಿದು ಕೂತುಬಿಟ್ಟೆ. ಸಭೆಯ ಕಿವಿಗೆ ಬಿದ್ದದ್ದು ಏಕೀಕರಣದ ವಿರುದ್ಧದ ಮಾತಷ್ಟೇ.

“ಇಕಿನ್ನ ಮುಂಬಯಿದವರು ಕಲಿಸಿ ಕಳಿಸ್ಯಾರೇನವಾ?” ಎಂದು ಹಿಂದಿನಿಂದ ಒಬ್ಬಾಕೆ ಅಂದಳು. ಆಮೇಲೆ ನೀನು ಎಷ್ಟು ವಿವರಿಸಿದರೂ ಅದು ಸೋತವಳ ಸಮಜಾಯಿಷಿ ಎಂದೇ ಆಯಿತು.

ಲಕ್ಷ್ಮೇಶ್ವರಕ್ಕೆ ಹೋದವಳು ನಾನು. ಅಲ್ಲಿ ಹೇಳಿದ್ದು ನಿನ್ನ ಉಳಿದ ಅರ್ಧ ಮಾತನ್ನೇ. ಸಭೆಗೆ ಮೊದಲು ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀನು ನನಗೊಬ್ಬಳಿಗೇ ಹೇಳಿ ತೋರಿಸಿದ್ದೆಯಲ್ಲ — “ಸೊಸಿ ಪಾಡು ಬದಲಾಗಲಿಕ್ಕಿಲ್ಲ. ಆದ್ರ ಜಗಳಾಡಾಕರೆ ತನ್ನ ಮಾತು ಬೇಕಲ್ಲ?” ಚಪ್ಪಾಳೆ ಬಿತ್ತು. ಅದು ನಿನಗೆ ಬಿದ್ದ ಚಪ್ಪಾಳೆ ಎಂದು ಗೊತ್ತಾಗಿ, ಅದನ್ನು ಕೇಳುತ್ತ ನಿಂತಾಗಲೂ ನಿನ್ನ ಮೇಲೆ ಹೊಟ್ಟೆ ಉರಿಯಿತು.

ನಾಡು ಒಂದಾದ ದಿನ ಓಣಿಯಲ್ಲಿ ಸಕ್ಕರೆ ಹಂಚಿದರು. ನೀನು ಬಾಗಿಲಲ್ಲೇ ನಿಂತು ಕೈಯೊಡ್ಡಿದೆ. “ನಿನಗೂ ಬೇಕೇನ?” ಎಂದು ಯಾರೋ ಚುಚ್ಚಿದರು. ನಾನು ಅಲ್ಲೇ ಇದ್ದೆ; ನನ್ನ ಪಾಲಿನ ಸಕ್ಕರೆ ಬಾಯಿಗೆ ಹಾಕಿಕೊಂಡೆ. ಮುಂಡರಗಿಗೆ ಮದುವೆಯಾಗಿ ಹೋದಮೇಲೆ ನೀನು ಯಾವ ಸಭೆಯಲ್ಲೂ ಮಾತಾಡಲಿಲ್ಲವೆಂದು ಕೇಳಿದ್ದೇನೆ.

ಇಷ್ಟು ವರ್ಷ ನನ್ನೊಳಗೇ ಹೇತು ಹುಡುಕಿದೆ — ಸಣ್ಣ ವಯಸ್ಸು, ಸಭೆಯ ಗಾಬರಿ, ಮತ್ತೆ... ಯಾವುದೂ ನಿಲ್ಲಲಿಲ್ಲ. ಇದ್ದದ್ದು ಮತ್ಸರ ಒಂದೇ. ಒಪ್ಪಿಸುವುದು ಬೇರೆ, ಬಾಯಿ ಮುಚ್ಚಿಸುವುದು ಬೇರೆ ಎಂದು ಮಾಸ್ತರರು ಕಲಿಸಿದ್ದರು. ನಿನಗೆ ಮೊದಲನೆಯದು ಬರುತ್ತಿತ್ತು.

ಬರುವ ವಾರ ಬೆಟಗೇರಿಯ ಹೆಣ್ಣುಮಕ್ಕಳು ಏಕೀಕರಣಕ್ಕೆ ದುಡಿದವಳೆಂದು ನನಗೆ ಶಾಲು ಹೊದಿಸುತ್ತಾರಂತೆ. ಮಾತಾಡಲೂ ಹೇಳಿದ್ದಾರೆ. ನಿನ್ನ ಮಾತನ್ನು ಪೂರ್ತಿ ಹೇಳುತ್ತೇನೆ — ಎರಡೂ ಅರ್ಧ, ನಿನ್ನ ಹೆಸರಿನಲ್ಲಿ. ಗಂಟೆಯ ಸಂಗತಿಯನ್ನೂ ಹೇಳುತ್ತೇನೆ. ಶಾಲನ್ನು ಮಡಚಿ ಮೇಜಿನ ಮೇಲಿಡುತ್ತೇನೆ. ನನ್ನನ್ನು ಸಮರ್ಥಿಸಿಕೊಳ್ಳುವ ಮಾತು ಬಾಯಿಗೆ ಬರುವ ಮೊದಲೇ ಕೈಮುಗಿದು ಕೂತುಬಿಡುತ್ತೇನೆ.