ನಿಂಬೆ ಪಾನಕದಲ್ಲಿ ಕರಗಿದ ಮಾತ್ರೆ

ತೊಂಬತ್ತರ ದಶಕದ ಮೊದಲಲ್ಲಿ ನಾನು ಶಿಕಾರಿಪುರದಿಂದ ಸೊರಬಕ್ಕೆ ಸೊಸೆಯಾಗಿ ಹೋದೆ. ಗಂಡ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಪಾಠ ಚೆನ್ನಾಗಿ ಮಾಡುತ್ತಾರೆಂದು ಊರೆಲ್ಲ ಹೊಗಳುತ್ತಿತ್ತು.

ಮದುವೆಯಾದ ವರ್ಷವೇ ನನ್ನ ಬಲಗಿವಿ ಸೋರತೊಡಗಿ ಜ್ವರ ಬಂತು. ಪೆನ್ಸಿಲಿನ್ ನನಗೆ ಆಗಿಬರುವುದಿಲ್ಲ, ಮೈಯೆಲ್ಲ ದದ್ದೇಳುತ್ತದೆ. ಡಾಕ್ಟರು ಎರಿಥ್ರೋಮೈಸಿನ್ ಬರೆದುಕೊಟ್ಟರು. ಗಂಟಲೂ ಊದಿಕೊಂಡು ಮಾತ್ರೆ ಇಳಿಯಲಿಲ್ಲ. ಅತ್ತೆ ಅದನ್ನು ಕುಟ್ಟಿ ನಿಂಬೆ ಪಾನಕಕ್ಕೆ ಬೆರೆಸಿದರು.

"ಹುಳಿ ಇದ್ರೆ ಕಹಿ ಗೊತ್ತಾಗಲ್ಲ. ಕುಡಿ ಮಗಾ."

ಅವರಿಗೆ ನನ್ನ ಮೇಲೆ ನಿಜವಾದ ಅಕ್ಕರೆಯಿತ್ತು. ಎದುರಿಗೆ ಕೂತು ಪೇಪರ್ ಓದುತ್ತಿದ್ದ ಗಂಡ ತಲೆಯೆತ್ತಿ ಲೋಟವನ್ನು ನೋಡಿದರು, ಮತ್ತೆ ಓದತೊಡಗಿದರು.

ಹೊತ್ತುಹೊತ್ತಿಗೆ ಹಾಗೆಯೇ ಕುಡಿದೆ. ಜ್ವರ ಇಳಿಯಲಿಲ್ಲ. ದಿಂಬೆಲ್ಲ ಕೀವಾಗುತ್ತಿತ್ತು.

ಆ ವಾರ, ಗಂಡನ ಬಳಿ ಟ್ಯೂಷನ್ನಿಗೆ ಬರುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಲು ಒಳಗೆ ಬಂದಳು. "ಅಕ್ಕಾ, ಸರ್ ಕ್ಲಾಸಲ್ಲಿ ನಿಮ್ಮ ವಿಷಯಾನೇ ಹೇಳಿದ್ರು," ಎಂದು ನಕ್ಕಳು. "ಆ ಔಷಧಿಗೆ ಎರಡು ಸಕ್ಕರೆ ಅಂಟಿಕೊಂಡಿರ್ತಾವಂತೆ. ನಾವು ತಿನ್ನೋ ಸಕ್ಕರೆ ಅಲ್ಲ, ಆಕ್ಸಿಜನ್ ಕಡಿಮೆ ಇರೋ ಡಿಆಕ್ಸಿ ಸಕ್ಕರೆ. ಅವಿದ್ರೇನೇ ಔಷಧಿ ರೋಗಾಣುನ ಹಿಡ್ಕೊಳ್ಳೋದಂತೆ. ಅದ್ರಲ್ಲಿ ಒಂದು ಸಕ್ಕರೆ, ಹುಳಿ ತಾಗಿದ್ರೆ ಬೇಗ ಕಳಚಿ ಬೀಳತ್ತಂತೆ. 'ನಮ್ಮನೇಲೇ ಒಬ್ರು ದಿನಾ ನಿಂಬೆರಸದಲ್ಲಿ ಕಳಚಿ ಕುಡೀತಿದಾರೆ' ಅಂದ್ರು. ಎಲ್ರೂ ನಕ್ಕಿದ್ದೇ ನಕ್ಕಿದ್ದು!"

ನನ್ನ ಮುಖ ನೋಡಿ ಅವಳ ನಗು ನಿಂತಿತು.

ಸಂಜೆ ಗಂಡನನ್ನು ಕೇಳಿದೆ. "ಗೊತ್ತಿದ್ದೂ ಯಾಕ್ರೀ ಹೇಳಲಿಲ್ಲ?"

"ಅಮ್ಮ ಪ್ರೀತಿಯಿಂದ ಕೊಡ್ತಿದ್ರು. ನೀನೂ ಕೇಳಲಿಲ್ಲ." ಶರ್ಟು ಬಿಚ್ಚಿ ಗೂಟಕ್ಕೆ ಹಾಕುತ್ತ ಮುಂದುವರಿಸಿದರು: "ಹುಡುಗರಿಗೆ ಇಂಥ ಉದಾಹರಣೆ ಎಲ್ಲಿ ಸಿಗತ್ತೆ? ಇನ್ನು ಪರೀಕ್ಷೇಲಿ ಒಬ್ಬನೂ ತಪ್ಪು ಬರೆಯಲ್ಲ."

ಅತ್ತೆಗೆ ಇದನ್ನು ನಾನು ಎಂದೂ ಹೇಳಲಿಲ್ಲ.

ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ತವರಿಗೆ ಬಂದೆ. ಅಲ್ಲಿನ ಡಾಕ್ಟರು ಬೇರೆ ಇಂಜೆಕ್ಷನ್ ಕೊಟ್ಟ ಮೇಲೆ ಜ್ವರ ಇಳಿಯಿತು. ಆದರೆ ಕಿವಿಯ ತಮಟೆ ಹೋಗಿತ್ತು. ಆ ಕಡೆಯಿಂದ ನನಗೆ ಇಂದಿಗೂ ಕೇಳಿಸುವುದಿಲ್ಲ.

ಬಟ್ಟೆ ಅಂಗಡಿ ನಡೆಸುತ್ತಿದ್ದ ಅಪ್ಪ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡ. "ಒಂದು ಮಾತ್ರೆ ಸಲುವಾಗಿ ಸಂಸಾರ ಬಿಡ್ತಾರೇನವ್ವಾ?" ಎಂದ. ಅವ್ವ ಸೆರಗಿನಿಂದ ಮೂಗೊರೆಸಿಕೊಂಡಳು. ಕೀವು ನಿಂತ ಕೂಡಲೇ ಅಪ್ಪನೇ ನನ್ನನ್ನು ಸೊರಬದ ಬಸ್ಸಿಗೆ ಹತ್ತಿಸಿದ.

ಗಂಡ ಬಾಗಿಲು ತೆರೆದು ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು. "ಅಲ್ಲಿ ಯಾವ ಇಂಜೆಕ್ಷನ್ ಕೊಟ್ಟರು? ಹೆಸರು ನೆನಪಿದೆಯಾ?" ಎಂದು ಆಸೆಯಿಂದ ಕೇಳಿದರು.

ಗೊತ್ತಿಲ್ಲ ಎಂದೆ. ಗೊತ್ತಿತ್ತು.