ವೀರಣ್ಣನ ಹಿತ್ತಾಳೆ ಪಿನ್ನು

ವೀರಣ್ಣನ ಹಲ್ಲುಗಳ ನಡುವೆ ಸದಾ ಒಂದು ಹಿತ್ತಾಳೆ ಪಿನ್ನು ಇರುತ್ತಿತ್ತು. ಟೈರಿನೊಳಗೆ ಗಾಳಿಯನ್ನು ತಡೆದು ಹಿಡಿಯುವ ಪುಟ್ಟ ಪಿನ್ನು. ಬೇರೆಯವರು ಊಟವಾದ ಮೇಲೆ ಲವಂಗ ಕಚ್ಚುವ ಹಾಗೆ ಅದನ್ನು ಕಚ್ಚಿಕೊಂಡೇ ಬೈಯುತ್ತಿದ್ದ, ನಗುತ್ತಿದ್ದ. ಅವನು ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ.

ಹರಿಹರದಲ್ಲಿ ರೈಲು ಹಳಿಯ ಪಕ್ಕದ ಒಂದು ತಗಡಿನ ಚಪ್ಪರ ಅವನ ವರ್ಕ್‌ಶಾಪು. ಯುದ್ಧದ ಕಾಲದಲ್ಲಿ ಮಿಲಿಟರಿಯ ಗಾಲಿ ಕೆಲಸ ಮಾಡಿ ಬಂದವನು. ಎಡಗೈಯ ಎರಡು ಬೆರಳುಗಳನ್ನು ಅಲ್ಲಿಯೇ ಬಿಟ್ಟು ಬಂದಿದ್ದ. ಯಾರಾದರೂ ಆ ಬಗ್ಗೆ ಕೇಳಿದರೆ, "ಒಂದು ಗಾಲಿ ತಿಂತು. ಉಳಿದ ಎಂಟನ್ನ ನಿಮ್ಮಂಥ ದಡ್ಡರ ಕಿವಿ ಹಿಂಡಾಕ ಬಿಟ್ಟೈತೆ" ಎನ್ನುತ್ತಿದ್ದ.

ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ ಹರಾಜಿನಲ್ಲಿ ಒಂದು ಹಳೆಯ ಮಿಲಿಟರಿ ಲಾರಿ ಕೊಂಡಿದ್ದರು. ಬಿ.ಎಸ್ಸಿ. ಮುಗಿಸಿ ನೌಕರಿಗೆ ಕಾಯುತ್ತಿದ್ದ ನಾನು ಅದರ ಉಸ್ತುವಾರಿ ನೋಡುತ್ತಿದ್ದೆ. ಆ ಲಾರಿಯ ಗಾಲಿಗಳೇ ಬೇರೆ. ಗುಂಡು ತಗುಲಿ ಗಾಳಿ ಹೋದರೂ ಹತ್ತಾರು ಮೈಲಿ ಓಡಲೆಂದು ಟೈರಿನ ಪಕ್ಕೆಗಳನ್ನು ಕಲ್ಲಿನಷ್ಟು ಗಟ್ಟಿಯಾಗಿ ಮಾಡಿದ್ದರು. ಅಂಥ ಟೈರನ್ನು ಸಲಾಕೆಯಿಂದ ಎಬ್ಬಿಸಿ ತೆಗೆಯಲಾಗದು. ಆದ್ದರಿಂದ ಉಕ್ಕಿನ ಗಾಲಿಯನ್ನೇ ಎರಡು ಹೋಳು ಮಾಡಿ, ನಡುವೆ ಟೈರು ಕೂರಿಸಿ, ನಟ್ಟು ಬಿಗಿದು ಕೂಡಿಸಿದ್ದರು. ಗಾಲಿಯನ್ನು ಲಾರಿಗೆ ಹಿಡಿಸುವ ನಟ್ಟುಗಳು ಬೇರೆ. ಹೋಳುಗಳನ್ನು ಕೂಡಿಸುವವು ಬೇರೆ. ಈ ಎರಡನೆಯವಕ್ಕೆ ಮಾತ್ರ ಮಿಲಿಟರಿಯವರು ಕೆಂಪು ಬಣ್ಣ ಬಳಿದಿದ್ದರು. ಟೈರಿನಲ್ಲಿ ಗಾಳಿ ಇರುವಾಗ ಕೆಂಪು ನಟ್ಟು ಬಿಚ್ಚಿದರೆ ಮೇಲಿನ ಹೋಳು ಸಿಡಿದು ಹಾರುತ್ತದೆ.

ಸಾದಾ ಲಾರಿಯ ಗಾಲಿ ಹಾಕಿಸಿರೆಂದು ವೀರಣ್ಣ ಮಾವನಿಗೆ ಮೊದಲ ದಿನವೇ ಹೇಳಿದ್ದ. "ಇವು ಗುಂಡಿಗೆ ಹೆದರಿ ಓಡೋರ ಗಾಲಿ, ಸಾಹುಕಾರ್ರೆ. ನಿಮ್ಮ ಹತ್ತಿಗೆ ಯಾರು ಗುಂಡು ಹೊಡೀತಾರ್ರಿ?" ಮಾವ ಒಪ್ಪಲಿಲ್ಲ. ಪಂಕ್ಚರ್ ಆದರೂ ಲಾರಿ ದಾರಿಯಲ್ಲಿ ನಿಲ್ಲುವುದಿಲ್ಲವಲ್ಲ ಎಂಬುದೇ ಅವರ ಸಂತೋಷ. ಡ್ರೈವರ್ ಹಾಲಪ್ಪ ಒಮ್ಮೆ ಗಾಳಿಯಿಲ್ಲದ ಟೈರಿನಲ್ಲೇ ದಾವಣಗೆರೆಯಿಂದ ಹರಿಹರಕ್ಕೆ ಬಂದು ಬೀಗಿದ. ವೀರಣ್ಣ ಟೈರು ಬಿಚ್ಚಿದಾಗ ಟ್ಯೂಬಿನ ಒಳಗೂ ಹೊರಗೂ ರಬ್ಬರು ಸವೆದು ಕರಿ ಪುಡಿಯಾಗಿತ್ತು. ಅದನ್ನು ಬೊಗಸೆಯಲ್ಲಿ ಎತ್ತಿ ಹಾಲಪ್ಪನ ಜೇಬಿಗೆ ಸುರಿದು, "ತಗಾ, ಹೆಂಡ್ತಿಗೆ ಕಾಡಿಗೆ ಆತು" ಎಂದ. ಟ್ಯೂಬಿಗೆ ತೇಪೆ ಹಾಕಿ ಮತ್ತೆ ಅದನ್ನೇ ಕೂರಿಸಿದ.

ಅವನು ಪಾಠ ಕಲಿಸುವ ರೀತಿಯೊಂದಿತ್ತು. ನಾನೊಮ್ಮೆ ಮೈಮರೆತು ಕೆಂಪು ನಟ್ಟಿಗೆ ನಟ್ಟು ಬಿಚ್ಚುವ ಪಾನ ಹಾಕಿದೆ. ಅವನು ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಗಾಲಿಯ ಮುಂದೆ ನನ್ನನ್ನು ಕೂರಿಸಿ, "ಗಾಳಿ ತುಂಬೈತೆ. ಈಗ ಬಿಚ್ಚು. ಇಲ್ಲಾಂದ್ರ ನಿಮ್ಮ ಲಾರಿ ನಾನು ಮುಟ್ಟಂಗಿಲ್ಲ" ಎಂದ. ಆ ಗಾಲಿ ಬಲ್ಲವನು ಎರಡೂ ಊರಿನಲ್ಲಿ ಅವನೊಬ್ಬನೇ. ಸುತ್ತ ಜನ ಸೇರಿದ್ದರು. ನಾನು ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಅಂಗಿಯೆಲ್ಲ ಒದ್ದೆಯಾಗಿ, ಒಂದೊಂದೇ ನಟ್ಟು ಬಿಚ್ಚಿದೆ. ಕೊನೆಯದು ಬಂದಾಗ ಗಾಲಿ ಸದ್ದಿಲ್ಲದೆ ಎರಡಾಯಿತು. ವೀರಣ್ಣ ಬಾಯಿಂದ ಪಿನ್ನನ್ನು ಅಂಗೈಗೆ ಉಗಿದು, "ನಿನ್ನ ಗಾಳಿ ಇಲ್ಲಿತ್ತಪ್ಪ, ಬಿ.ಎಸ್ಸಿ." ಎಂದ. ಎಲ್ಲರೂ ನಕ್ಕರು. ಗೂಡ್ಸ್ ರೈಲು ಹಾಯುವಾಗ, ಅದರ ಗದ್ದಲದಲ್ಲಿ ಬುಸ್ಸೆನ್ನುವ ಸದ್ದು ಯಾರಿಗೂ ಕೇಳದಂತೆ, ಪಿನ್ನು ಕಿತ್ತು ಗಾಳಿ ಬಿಡುತ್ತಾನೆಂದು ಆಮೇಲೆ ತಿಳಿಯಿತು. ಆ ದಿನದಿಂದ ನನ್ನ ಕೈ ತಪ್ಪಲಿಲ್ಲ. ಅವನ ಮೇಲೆ ಒಂದು ಬಗೆಯ ಗೌರವವೂ ಬಂತು.

ಆ ವರ್ಷ ಆಯುಧಪೂಜೆಗೆ ಹಾಲಪ್ಪ ಲಾರಿಯನ್ನು ಮದುಮಗನ ಹಾಗೆ ಸಿಂಗರಿಸಿದ. ಗಾಲಿಗೆ ಬಿಳಿ ಬಳಿದ. ಪೂಜೆಯ ಗಾಡಿ, ಕುಂಕುಮದ ಬಣ್ಣ ಎಲ್ಲದಕ್ಕೂ ಇರಲಿ ಎಂದು ಇದ್ದಬದ್ದ ನಟ್ಟುಗಳಿಗೆಲ್ಲ ಕೆಂಪು ಹಚ್ಚಿಬಿಟ್ಟ. ಮರುವಾರ ಟೈರು ಬದಲಿಸಲು ಹರಿಹರಕ್ಕೆ ಹೋದಾಗ ವೀರಣ್ಣ ಗಾಲಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ತಾನೇ ಗಾಲಿ ಕಳಚಿ ನೆಲಕ್ಕೆ ಮಲಗಿಸಿದ. ಹಾಲಪ್ಪ ಮುಖ ತೊಳೆಯಲು ನಲ್ಲಿಗೆ ಹೋಗಿದ್ದಾಗ ಗೂಡ್ಸ್ ರೈಲು ಹಾಯಿತು. ರೈಲು ಹೋದ ಮೇಲೆ ನೋಡಿದರೆ ವೀರಣ್ಣನ ಹಲ್ಲುಗಳ ನಡುವೆ ಎರಡು ಪಿನ್ನುಗಳಿದ್ದವು. ನನಗೆ ಅರ್ಥವಾಯಿತು.

ಹಾಲಪ್ಪ ಮರಳಿ ಬರುತ್ತಲೇ ವೀರಣ್ಣ ಕೇಳಿದ: "ಇವು ಮೊದಲಿಂದ ಯಾಕ ಕೆಂಪಿದ್ವು? ಹೇಳು. ಹೇಳಿ ಬಿಚ್ಚು."

ಹಾಲಪ್ಪ ದೂರದಲ್ಲೇ ಕೂತು ಕೈ ಚಾಚಿ ಪಾನ ಹಾಕಿದ. "ಗಾಳಿ ಐತಲ್ರಿ, ವೀರಣ್ಣಾರೆ. ಮನ್ಯಾಗ ಕೂಸೈತ್ರಿ."

"ಕೂಸಿಗೂ ಗೊತ್ತಾಗ್ಲಿ, ಅವರಪ್ಪ ಎಂಥಾ ಶಾಣ್ಯಾ ಅಂತ."

ಹಾಲಪ್ಪ ನನ್ನ ಕಡೆ ತಿರುಗಿದ. "ಸಣ್ಣ ಸಾಹುಕಾರ್ರೆ, ನೀವು ಓದಿದೋರು. ಬಿಚ್ಚಲೇನ್ರಿ?"

ಗಾಳಿ ಹೋಗಿದೆ, ಇದು ತಮಾಷೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅಂದು ಜನರ ಮುಂದೆ ನಾನು ಬೆವೆತದ್ದು ನೆನಪಿತ್ತು. ಇವನೂ ಕೊನೆಯ ನಟ್ಟಿನವರೆಗೆ ಬೆವರಲಿ ಅನ್ನಿಸಿತು. ನಗು ತಡೆಯಲಾಗಲಿಲ್ಲ. "ಬಿಚ್ಚು ಹಾಲಪ್ಪ, ಏನೂ ಆಗಲ್ಲ" ಎಂದೆ.

ನನ್ನ ನಗು ನೋಡಿ ಅವನ ಹೆದರಿಕೆ ಹೋಯಿತು. ಹತ್ತಿರ ಸರಿದು, ಗಾಲಿಯ ಮೇಲೆ ಬಾಗಿ, ಬಲ ಹಾಕಿ ಬಿಚ್ಚತೊಡಗಿದ. ನಾಲ್ಕು ನಟ್ಟು ಬಂದವು. ಐದನೆಯದಕ್ಕೆ ಪಾನ ಹಾಕಿದ್ದು ನೆನಪಿದೆ. ಆಮೇಲೆ ಚಪ್ಪರದ ತಗಡಿನಲ್ಲಿ ಆಕಾಶ ಕಾಣುವಷ್ಟು ದೊಡ್ಡ ತೂತಿತ್ತು. ಹಾಲಪ್ಪ ಅಂಗಾತ ಬಿದ್ದಿದ್ದ. ಅವನ ಮುಖವಿದ್ದ ಜಾಗವನ್ನು ನಾನು ಎರಡನೆಯ ಸಲ ನೋಡಲಿಲ್ಲ.

ಆಮೇಲೆ ವೀರಣ್ಣ ಪಿನ್ನು ಕೂರುವ ಟ್ಯೂಬಿನ ಬಾಯನ್ನು ಕತ್ತರಿಸಿ ತೋರಿಸಿದ. ಹಿಂದೆ ಗಾಳಿಯಿಲ್ಲದೆ ಓಡಿಸಿದಾಗ ಸವೆದ ರಬ್ಬರಿನ ಕರಿ ಪುಡಿ ಅಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಗಾಳಿ ಅರ್ಧ ಹೋಗಿ ಅಲ್ಲಿಗೇ ನಿಂತುಬಿಟ್ಟಿತ್ತು. ಗಾಳಿಯಿದ್ದರೂ ಇಲ್ಲದಿದ್ದರೂ ಆ ಟೈರು ಬಗ್ಗುವಂಥದ್ದಲ್ಲ, ನೋಡಿದರೆ ಗೊತ್ತಾಗದು. ಬುಸ್ಸೆನ್ನುವ ಸದ್ದು ನಡುವೆ ನಿಂತದ್ದು ರೈಲಿನ ಗದ್ದಲದಲ್ಲಿ ಅವನಿಗೂ ಕೇಳಿರಲಿಲ್ಲ.

ಎರಡು ತಿಂಗಳ ನಂತರ ನಾನು ಅವನನ್ನು ಹುಡುಕಿಕೊಂಡು ಹೋದೆ. ವರ್ಕ್‌ಶಾಪು ಮುಚ್ಚಿತ್ತು. ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ, ಹಲ್ಲಿನಲ್ಲಿ ಅದೇ ಪಿನ್ನು. ನೀನು ಅವನನ್ನು ಕೊಂದೆ ಎಂದು ಹೇಳಲೆಂದೇ ಹೋಗಿದ್ದೆ, ಹೇಳಿದೆ. ಅವನು ನೀರು ನೋಡುತ್ತಲೇ ಕೇಳಿಸಿಕೊಂಡ.

"ನಾನು ಹೆದರಿಕೆ ಕೊಟ್ಟಿದ್ದೆ," ಎಂದ. "ಹೆದರಿದ್ದಷ್ಟು ಹೊತ್ತು ದೂರ ಕುಂತಿದ್ದ. ಧೈರ್ಯ ಕೊಟ್ಟಾಂವ ನೀನು."

ಅದೇ ಕೊನೆ. ಮುಂದಿನ ಸಲ ಹೋದಾಗ ತಗಡನ್ನೂ ಯಾರೋ ಕಿತ್ತೊಯ್ದಿದ್ದರು. ವೀರಣ್ಣ ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ. ಗೂಡ್ಸ್ ರೈಲು ಹಾಯುವಾಗ ನಾನು ಈಗಲೂ ಮಾತು ನಿಲ್ಲಿಸುತ್ತೇನೆ. ಅದರ ಗದ್ದಲದ ಕೆಳಗೆ ಗಾಳಿ ಇನ್ನೂ ಹೋಗುತ್ತಿದೆಯೋ, ನಿಂತಿತೋ ಎಂದು ಕಿವಿಗೊಡುತ್ತೇನೆ.